ಎಂಜಿಬಿಯೋ, ಸ್ವಿಫ್ಟೋ? ಒಂದೇ ಪಾರ್ಕಿಂಗ್ ಇದ್ದಾಗ ಯಾವ ಕಾರು ತಗೊಳ್ಳಬೇಕು

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಅವನ ಮನೆ ಪುಣೆಯ ಕೊಥ್ರೂಡ್‌ನಲ್ಲಿ. ಇಬ್ಬರು ಮಕ್ಕಳು, ಸೊಸೈಟಿಯಲ್ಲಿ ಒಂದೇ ಒಂದು ಪಾರ್ಕಿಂಗ್. ಹಳೆ ಕಾರು ಮಾರಿ ಹೊಸ ಸ್ವಿಫ್ಟ್ ಬುಕ್ ಮಾಡುವುದರಲ್ಲಿದ್ದ. ಅಷ್ಟರಲ್ಲಿ ಪರಿಚಯದ ಹಿರಿಯರೊಬ್ಬರು ತಮ್ಮ 1969ರ ಎಂಜಿಬಿ, ಅಂದರೆ ಇಂಗ್ಲೆಂಡಿನ ಹಳೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಕೊಡುತ್ತೇನೆ ಅಂದರಂತೆ. ಕಡು ಹಸಿರು ಬಣ್ಣ, ಬಟ್ಟೆಯ ಹುಡ್, ಕಡ್ಡಿ ಚಕ್ರ. "ಒಂದು ಸುತ್ತು ಓಡಿಸಿದೆ ಭಾವ. ಮನೆಗೆ ಬಂದರೂ ಕೈಯಲ್ಲಿ ಇನ್ನೂ ಆ ಸ್ಟೀರಿಂಗೇ ಇದೆ" ಅಂದ.

ಆ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಭೋಸರಿಯಲ್ಲಿ ಬ್ರೇಕ್ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಔಂಧ್‌ನಲ್ಲಿರುವ ಗೆಳೆಯನ ಹತ್ತಿರ ಒಂದು ಎಂಜಿಬಿ ಇದೆ. ಎಂಟು ವರ್ಷದಿಂದ ಅದರ ಕೆಲಸಕ್ಕೆ ನಾನೂ ಕೈ ಜೋಡಿಸುತ್ತೇನೆ, ಓಡಿಸುತ್ತೇನೆ. ನನ್ನ ಮನೆ ಕೆಳಗೆ ನಿಲ್ಲುವುದು ಮಾತ್ರ 2024ರ ಸ್ವಿಫ್ಟ್. ಎರಡರ ಜೊತೆಗೂ ಮಳೆ, ಬಿಸಿಲು, ಘಾಟಿ, ಜಾಮ್ ಎಲ್ಲ ಕಳೆದಿದ್ದೇನೆ. ಭಾಮೈದನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರು ಅವನೊಬ್ಬನೇ ಅಲ್ಲ. ಪುಣೆಯಲ್ಲಿ ಹಳೆ ಕಾರಿನ ಹುಚ್ಚು ಇರುವ ಕನ್ನಡಿಗರು ನನಗೇ ನಾಲ್ಕೈದು ಜನ ಗೊತ್ತು.

ಕಾಗದದ ಮೇಲೆ ಅಣ್ಣ ತಮ್ಮ

ಮೊದಲು ಅಂಕಿಗಳನ್ನು ನೋಡಿ. ನೋಡಿದರೆ ಆಶ್ಚರ್ಯವಾಗುತ್ತದೆ. ಎಂಜಿಬಿಯ ಉದ್ದ ಸುಮಾರು 3.89 ಮೀಟರ್, ಸ್ವಿಫ್ಟ್‌ನದು 3.86 ಮೀಟರ್. ತೂಕ ಎರಡರದೂ 920 ಕಿಲೋ ಆಸುಪಾಸು. ಎಂಜಿಬಿಯ ಎಂಜಿನ್ 1798 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 95 ಅಶ್ವಶಕ್ತಿ. ಹೊಸ ಸ್ವಿಫ್ಟ್‌ನದು 1197 ಸಿಸಿ, ಮೂರು ಸಿಲಿಂಡರ್, ಸುಮಾರು 82 ಅಶ್ವಶಕ್ತಿ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ನೋಡಿದರೂ ಹಳೆಯದೇ ಮುಂದೆ: ಅದು ಸುಮಾರು 149 ನ್ಯೂಟನ್ ಮೀಟರ್, ಇದು 112.

ಅಂದರೆ "ಹಳೆ ಕಾರು ನಿಧಾನ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎಂಜಿಬಿ ಗಂಟೆಗೆ 160 ಕಿ.ಮೀ. ದಾಟುವ ಕಾರು. ಖಾಲಿ ಹೆದ್ದಾರಿಯಲ್ಲಿ ಎರಡನ್ನೂ ಅಕ್ಕಪಕ್ಕ ಬಿಟ್ಟರೆ ದೊಡ್ಡ ಅಂತರವೇನೂ ಬೀಳುವುದಿಲ್ಲ. ಎತ್ತರದಲ್ಲಿ ಮಾತ್ರ ಭಾರಿ ವ್ಯತ್ಯಾಸ. ಸ್ವಿಫ್ಟ್ ಎತ್ತರ ಒಂದೂವರೆ ಮೀಟರ್ ದಾಟುತ್ತದೆ, ಎಂಜಿಬಿ ಒಂದೂಕಾಲು ಮೀಟರ್ ಅಷ್ಟೇ. ಎಂಜಿಬಿಯೊಳಗೆ ಕೂತರೆ ಪಕ್ಕದ ಸಿಟಿ ಬಸ್ಸಿನ ಚಕ್ರ ನಿಮ್ಮ ಕಿವಿಯ ಮಟ್ಟಕ್ಕೆ ಬರುತ್ತದೆ. 60 ಕಿ.ಮೀ. ವೇಗವೂ 100ರ ಹಾಗೆ ಅನ್ನಿಸುವುದು ಅದಕ್ಕೇ. ಅದರ ಸುಖ ಇರುವುದೂ ಅಲ್ಲೇ. ಸಿಂಹಗಡದ ತಿರುವುಗಳಲ್ಲಿ ಬೆಳಗ್ಗೆ ಆರಕ್ಕೆ, ಎರಡನೇ ಗೇರಿನಲ್ಲಿ, 40ರ ವೇಗದಲ್ಲಿ ಆ ಕಾರು ಕೊಡುವ ಖುಷಿಯನ್ನು ನನ್ನ ಸ್ವಿಫ್ಟ್ 80ರಲ್ಲೂ ಕೊಡುವುದಿಲ್ಲ. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಈ ಖುಷಿಯನ್ನು ಸುಮ್ನೆ "ಶೋಕಿ" ಅಂತ ತಳ್ಳಿಹಾಕುವವರು ಆ ಸೀಟಿನಲ್ಲಿ ಕೂತವರಲ್ಲ.

ಹಾಗಾದರೆ ಆಯ್ಕೆ ಯಾವುದರ ಮೇಲೆ ನಿಲ್ಲುತ್ತದೆ? ಕಾರು ನಿಲ್ಲಿಸುವುದರ ಮೇಲೆ, ಮಳೆಯ ಮೇಲೆ, ಪೆಟ್ರೋಲಿನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಾರನ್ನು ಮುಟ್ಟಬಲ್ಲ ಕೈ ಯಾರದು ಅನ್ನುವುದರ ಮೇಲೆ.

ಬ್ರೇಕ್ ವಿಷಯಕ್ಕೆ ಬಂದರೆ

ಇದು ನನ್ನ ಹೊಟ್ಟೆಪಾಡಿನ ವಿಷಯ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಂಜಿಬಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೊಸ ಸ್ವಿಫ್ಟ್‌ಗೂ ಮುಂದೆ ಡಿಸ್ಕ್, ಹಿಂದೆ ಡ್ರಮ್. ಅರವತ್ತು ವರ್ಷ ಕಳೆದರೂ ಜೋಡಣೆ ಅದೇ. ವ್ಯತ್ಯಾಸ ಇರುವುದು ಪೆಡಲ್ ಮತ್ತು ಡಿಸ್ಕ್ ನಡುವೆ.

ಸ್ವಿಫ್ಟ್‌ನಲ್ಲಿ ಎಬಿಎಸ್ ಇದೆ. ಚಕ್ರ ಜಾಮ್ ಆಗುತ್ತಿದೆ ಅಂತ ಗೊತ್ತಾದ ಕೂಡಲೇ ಒತ್ತಡ ಬಿಟ್ಟು ಮತ್ತೆ ಹಾಕುತ್ತದೆ, ಸೆಕೆಂಡಿಗೆ ಎಷ್ಟೋ ಸಲ. ಬ್ರೇಕ್ ಪೂರ್ತಿ ಒತ್ತಿದ್ದರೂ ಸ್ಟೀರಿಂಗ್ ತಿರುಗಿಸಿದ ಕಡೆ ಕಾರು ಹೋಗುತ್ತದೆ. ಜೊತೆಗೆ ಕಾರು ಜಾರದ ಹಾಗೆ ಹಿಡಿಯುವ ಇಎಸ್‌ಪಿ ಕೂಡ ಎಲ್ಲ ಮಾಡೆಲ್‌ಗಳಲ್ಲೂ ಬರುತ್ತದೆ. ಎಂಜಿಬಿಯಲ್ಲಿ ಆ ಕೆಲಸ ನಿಮ್ಮ ಪಾದದ್ದು. ಆ ಕಾಲದ ಎಷ್ಟೋ ಕಾರುಗಳಲ್ಲಿ ಕಾಲಿನ ಒತ್ತಡವನ್ನು ಹೆಚ್ಚಿಸಿ ಬ್ರೇಕಿಗೆ ಕೊಡುವ ಸರ್ವೋ ಕೂಡ ಇಲ್ಲ. ಮೊದಲ ಸಲ ಒತ್ತಿದವರಿಗೆ "ಬ್ರೇಕೇ ಇಲ್ಲ" ಅನ್ನಿಸುತ್ತದೆ. ಇದೆ, ತೊಡೆಯ ಬಲ ಹಾಕಿ ಒತ್ತಬೇಕು.

ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. ಇಂಗ್ಲೆಂಡಿನ ಮಾರುಕಟ್ಟೆಗೆ ಮಾಡಿದ 60ರ ದಶಕದ ಎಂಜಿಬಿಗಳಲ್ಲಿ ಬ್ರೇಕಿನ ಎಣ್ಣೆಯ ದಾರಿ ಒಂದೇ. ಒಂದು ಚಕ್ರದ ಹತ್ತಿರ ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಇವತ್ತಿನ ಕಾರುಗಳಲ್ಲಿ ಎರಡು ದಾರಿ ಇರುತ್ತವೆ, ಒಂದು ಹೋದರೂ ಇನ್ನೊಂದು ನಿಲ್ಲಿಸುತ್ತದೆ. ಹಳೆ ಎಂಜಿಬಿ ಕೊಳ್ಳುವವರು ಯಾರೇ ಆಗಲಿ, ಬಣ್ಣ ನೋಡುವ ಮೊದಲು ನಾಲ್ಕು ಚಕ್ರದ ಹತ್ತಿರ ಬಗ್ಗಿ ಆ ಹೋಸ್‌ಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಎಲ್ಲವನ್ನೂ ಬದಲಿಸಿ, ಆಮೇಲೆ ಓಡಿಸಿ. ಬ್ರೇಕ್ ಆಯಿಲ್ ನೀರು ಹೀರುತ್ತದೆ. ಪುಣೆಯ ಮಳೆಗಾಲದಲ್ಲಿ ನಿಂತ ಕಾರಿನಲ್ಲಿ ಇನ್ನೂ ಜಾಸ್ತಿ. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಲೇಬೇಕು.

ಮೊದಲು ಮೆಕ್ಯಾನಿಕ್, ಆಮೇಲೆ ಕಾರು

ನನ್ನ ಭಾಮೈದನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಕಾರ್ಬುರೇಟರ್ ಯಾರು ಮುಟ್ಟುತ್ತಾರೆ?" ಅಂತ ಕೇಳಿದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಅವನ ಹತ್ತಿರ ಉತ್ತರ ಇರಲಿಲ್ಲ.

ಸ್ವಿಫ್ಟ್‌ಗೆ ಈ ಪ್ರಶ್ನೆಯೇ ಬೇಡ. ಪುಣೆಯಿಂದ ಧಾರವಾಡಕ್ಕೆ ಹೋಗುವ ಸುಮಾರು 420 ಕಿ.ಮೀ. ದಾರಿಯಲ್ಲಿ ಸಾತಾರಾ, ಕರಾಡ, ಕೊಲ್ಹಾಪುರ, ಬೆಳಗಾವಿ, ಎಲ್ಲಿ ಕೈಕೊಟ್ಟರೂ ಅದನ್ನು ಬಲ್ಲವರು ಸಿಗುತ್ತಾರೆ. ಮೀಟರ್ ಸಿಕ್ಕಿಸಿದರೆ ಯಾವ ಸೆನ್ಸರ್ ಕೆಟ್ಟಿದೆ ಅಂತ ಕಾರೇ ಹೇಳುತ್ತದೆ.

ಎಂಜಿಬಿ ಬಾಯಿ ಬಿಡುವುದಿಲ್ಲ. ಅದರ ಮಾತನ್ನು ಕೇಳಿಸಿಕೊಳ್ಳುವವರು ಬೇಕು.

ನಮಗೆ ಸಿಕ್ಕವರು ಇಂಡಿ ತಾಲೂಕಿನ ಕಡೆಯವರು. ಐವತ್ತು ವರ್ಷದ ಹಿಂದೆ ಪುಣೆಗೆ ಬಂದು, ನಾನಾ ಪೇಠೆಯ ಹಿಂದಿನ ಗಲ್ಲಿಯೊಂದರಲ್ಲಿ ಅಂಬಾಸಿಡರ್ ರಿಪೇರಿ ಕಲಿತವರು. ನಾವು ಅವರನ್ನು ಮಾಮಾ ಅಂತಲೇ ಕರೆಯುತ್ತೇವೆ. ಅಂಬಾಸಿಡರ್ ಗೊತ್ತಿದ್ದವರಿಗೆ ಎಂಜಿಬಿ ಹೇಗೆ ಗೊತ್ತು ಅಂತ ನೀವು ಕೇಳಬಹುದು. ಎರಡೂ ಒಂದೇ ಮನೆತನ. ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. ಎಂಜಿಬಿಯ 1798 ಸಿಸಿ ಎಂಜಿನ್ ಅದೇ ಬಿ-ಸೀರೀಸ್‌ನ ದೊಡ್ಡ ಅಣ್ಣ. ಮೊದಲ ಸಲ ಬಾನೆಟ್ ಎತ್ತಿದಾಗ ಮಾಮಾ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಟ್ಯಾಪೆಟ್ ಕವರ್ ಮೇಲೆ ಕೈಯಿಟ್ಟು, "ಇದು ನಮ್ಮ ಗಾಡೀನ ಐತಲ್ಲ" ಅಂದರು. ಗೆಳೆಯನಿಗೂ ನನಗೂ ಅವತ್ತು ಅರ್ಧ ಚಿಂತೆ ಇಳಿಯಿತು.

ಎಂಜಿಬಿಗೆ ಎರಡು ಎಸ್‌ಯು ಕಾರ್ಬುರೇಟರ್. ಎರಡೂ ಒಂದೇ ಅಳತೆಯ ಗಾಳಿ ಎಳೆಯಬೇಕು. ಒಂದು ಜಾಸ್ತಿ, ಒಂದು ಕಮ್ಮಿ ಆದರೆ ಎಂಜಿನ್ ಕುಂಟುತ್ತದೆ. ಇದನ್ನು ಸರಿ ಮಾಡಲು ಮಾಮಾ ಯಾವ ಮೀಟರನ್ನೂ ಬಳಸುವುದಿಲ್ಲ. ಒಂದು ಮೊಳ ರಬ್ಬರ್ ಪೈಪು ಅಷ್ಟೇ. ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿ ಒಳಗೆ ಹೋಗುವ ಸುಯ್ ಶಬ್ದ ಕೇಳಿಸುತ್ತದೆ. ಮೊದಲನೆಯದು ಕೇಳಬೇಕು, ಎರಡನೆಯದು ಕೇಳಬೇಕು, ಸ್ಕ್ರೂ ಕಾಲು ಸುತ್ತು ತಿರುಗಿಸಬೇಕು, ಮತ್ತೆ ಕೇಳಬೇಕು. ಒಂದು ಸಲ ಆ ಪೈಪನ್ನು ನನ್ನ ಕಿವಿಗೆ ಇಟ್ಟರು. ಮೊದಲು ಎರಡೂ ನನಗೆ ಒಂದೇ ಥರ ಕೇಳಿಸಿತು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದಾಗ ಹಿಂದಿನದರ ದನಿ ಸ್ವಲ್ಪ ಏರಿದೆ ಅಂತ ಗೊತ್ತಾಯಿತು. ಧಾರವಾಡದಲ್ಲಿ ನಮ್ಮ ಓಣಿಯ ಸಂಗೀತದ ಮೇಷ್ಟ್ರು ತಂಬೂರಿ ಶ್ರುತಿ ಮಾಡುವಾಗ ತಲೆ ಬಗ್ಗಿಸಿ ಕೂರುತ್ತಿದ್ದದ್ದು ನೆನಪಾಯಿತು.

ಪೆಟ್ರೋಲ್ ಗಾಳಿಯ ಹದ ನೋಡುವುದಕ್ಕೂ ಸುಲಭದ ದಾರಿ ಇದೆ. ಕಾರ್ಬುರೇಟರಿನ ಪಿಸ್ಟನ್ನನ್ನು ಅದರ ಕೆಳಗಿನ ಪಿನ್‌ನಿಂದ ಕೂದಲಿನಷ್ಟು ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಉಸಿರು ಕಟ್ಟಿದ ಹಾಗೆ ಇಳಿದರೆ ಕಮ್ಮಿ. ಚೂರು ಏರಿ ಮತ್ತೆ ಮೊದಲಿನ ಹಾಗೆ ಆದರೆ ಸರಿ ಇದೆ. ಕಾರ್ಬುರೇಟರಿನ ತಲೆಯ ಮೇಲೆ ಕುಪ್ಪಿಯ ಆಕಾರದ ಡ್ಯಾಶ್‌ಪಾಟ್ ಇದೆ, ಅದರೊಳಗೆ ಸ್ವಲ್ಪ ಎಣ್ಣೆ ಇರಬೇಕು. ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ತಡವರಿಸುತ್ತದೆ. ಯಾರಾದರೂ ಎಳೆತ ಇಲ್ಲ ಅಂತ ಕಾರು ತಂದರೆ ಮಾಮಾ ಕೇಳುವ ಮೊದಲ ಪ್ರಶ್ನೆ ಅದೇ: "ಮ್ಯಾಲೆ ಎಣ್ಣಿ ಹಾಕೀರೇನು?"

ಇದನ್ನೆಲ್ಲ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಈ ಕಾರು ಕೊಂಡವರಿಗೆ ಇದರಲ್ಲಿ ಆಸಕ್ತಿ ಇರಲೇಬೇಕು. ಮಾಮಾಗೆ ಈಗ ಎಪ್ಪತ್ತು ದಾಟಿದೆ. ಅವರ ಮಗ ಬೇರೆ ಕೆಲಸದಲ್ಲಿದ್ದಾನೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅದರ ಮೇಲೆ ಕೈ ಪಳಗಿಸಿಕೊಂಡವರು ಪ್ರತಿ ವರ್ಷ ಕಮ್ಮಿ ಆಗುತ್ತಿದ್ದಾರೆ. ಬಿಡಿಭಾಗಕ್ಕೆ ಅಷ್ಟು ಕಷ್ಟವಿಲ್ಲ. 1962ರಿಂದ 1980ರವರೆಗೆ ಎಂಜಿಬಿ ಐದು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಅದರ ಪೂರ್ತಿ ಬಾಡಿಯನ್ನೇ ಹೊಸದಾಗಿ ಮಾಡಿ ಕೊಡುತ್ತಿದೆ. ತರಿಸುವ ಖರ್ಚು, ಕಸ್ಟಮ್ಸ್, ಕಾಯುವ ಸಮಯ ಇದ್ದೇ ಇದೆ, ಆದರೆ ಭಾಗ ಸಿಗುತ್ತದೆ. ಅದನ್ನು ಕೂರಿಸುವ ಕೈ ಸಿಗುವುದೇ ಕಷ್ಟ. ನಿಮ್ಮ ಮನೆಯಿಂದ ಒಂದು ಗಂಟೆಯ ದೂರದಲ್ಲಿ ಅಂಥವರು ಇಲ್ಲವೆಂದಾದರೆ, ನೀವೇ ಕಲಿಯುವ ಮನಸ್ಸೂ ಇಲ್ಲವೆಂದಾದರೆ, ದಯವಿಟ್ಟು ಎಂಜಿಬಿ ಕೊಳ್ಳಬೇಡಿ. ಹಾಗೆ ಕೊಂಡ ಕಾರು ಎರಡನೇ ವರ್ಷಕ್ಕೆ ಕವರ್ ಹೊದ್ದು ಮೂಲೆ ಸೇರುತ್ತದೆ. ಅಂಥ ಎರಡು ಕಾರುಗಳನ್ನು ನಾನು ಪುಣೆಯಲ್ಲೇ ನೋಡಿದ್ದೇನೆ. ನೋಡಿ ಸಂಕಟವಾಯಿತು.

ಪೆಟ್ರೋಲ್ ಬದಲಾಗಿದೆ

ಎಂಜಿಬಿಯ ಪೆಟ್ರೋಲ್ ಪಂಪು ಹಿಂದೆ ಇದೆ. ಕೀ ತಿರುವಿದರೆ ಹಿಂದಿನಿಂದ ಟಿಕ್ ಟಿಕ್ ಟಿಕ್ ಅನ್ನುತ್ತದೆ. ಕಾರ್ಬುರೇಟರ್ ತುಂಬಿದ ಕೂಡಲೇ ಶಬ್ದ ನಿಲ್ಲುತ್ತದೆ. ಆ ನಿಲ್ಲುವುದನ್ನು ಕೇಳಿಸಿಕೊಂಡು ಸ್ಟಾರ್ಟ್ ಮಾಡುವುದು ಅಭ್ಯಾಸವಾಗಿಬಿಡುತ್ತದೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಪೌಡ್ ರಸ್ತೆಯ ಹತ್ತಿರ ನಾನು ಕೀ ತಿರುವಿದೆ. ಟಿಕ್ ನಿಲ್ಲಲೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಆಮೇಲೆ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು. ಕೀ ತೆಗೆದು, ಬಾನೆಟ್ ಎತ್ತಿ ನೋಡಿದರೆ ಕಾರ್ಬುರೇಟರಿಗೆ ಹೋಗುವ ರಬ್ಬರ್ ಹೋಸ್ ಒದ್ದೆ. ಬೆರಳಿನಿಂದ ಒತ್ತಿದರೆ ಹಣ್ಣಾದ ಬಾಳೆಹಣ್ಣಿನ ಹಾಗೆ ಮೆತ್ತಗೆ. ಕೆಳಗೇ ಬಿಸಿ ಎಕ್ಸಾಸ್ಟ್. ಸ್ಟಾರ್ಟ್ ಮಾಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಈಗ ಪೆಟ್ರೋಲ್ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ಕಾಲದ ರಬ್ಬರಿಗೆ ಎಥೆನಾಲ್ ಆಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿನ ಗತಿ ಏನು ಅಂತ ನೀವೇ ಯೋಚಿಸಿ. ಮೇಲಾಗಿ ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹೊಸ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗಿ ಎಂಜಿನ್ ಬಿಸಿಯಾಗುತ್ತದೆ. ಮತ್ತೆ ಕೈಯಿಂದಲೇ ಹದ ಮಾಡಬೇಕು.

ಆದ್ದರಿಂದ ಎಂಜಿಬಿ ಕೊಂಡರೆ ಮೊದಲ ವಾರದಲ್ಲೇ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ರಬ್ಬರ್ ಹೋಸ್ ಬದಲಿಸಿ. ಅಂಗಡಿಯಲ್ಲಿ ಸುಮ್ನೆ "ಪೆಟ್ರೋಲ್ ಪೈಪ್ ಕೊಡಿ" ಅನ್ನಬೇಡಿ. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನೇ ಕೇಳಿ ತಗೊಳ್ಳಿ. ಇನ್ನೂ ಒಂದು ಮಾತು ವಿಚಾರಿಸಿ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ನಿಂತಿತು. ಈ ಎಂಜಿನ್ನಿನ ವಾಲ್ವ್ ಕೂರುವ ಜಾಗ ಆ ಸೀಸವನ್ನು ನಂಬಿಕೊಂಡಿತ್ತು. ಹೆಡ್ ಇಳಿಸಿ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ, ಬಿಲ್ ಇದೆಯಾ ಅಂತ ಕೇಳಿ.

2023ರ ಏಪ್ರಿಲ್ ನಂತರ ಬಂದ ಕಾರುಗಳ ಹೋಸ್, ಸೀಲ್ ಎಲ್ಲ ಇ20ಗೆ ಹೊಂದುವ ಹಾಗೆ ಮಾಡಿದವು. ಸ್ವಿಫ್ಟ್ ಕೊಂಡವರಿಗೆ ಈ ಯಾವ ತಲೆನೋವೂ ಇಲ್ಲ.

ಮಳೆ ಮತ್ತು ತುಕ್ಕು

ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹುಡ್ ಇಳಿಸುವ ಕಾರಾದ್ದರಿಂದ ಮೇಲೆ ಗಟ್ಟಿ ಛಾವಣಿಯ ಆಸರೆಯೂ ಇಲ್ಲ. ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆ ಇದೆಯಲ್ಲ, ಸಿಲ್, ಅದರ ಮೇಲೇ ಇಡೀ ಕಾರು ನಿಂತಿದೆ. ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ.

ನೋಡಲು ಹೋದಾಗ ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಸಿಲ್ ಉದ್ದಕ್ಕೂ ಎಳೆಯಿರಿ. ಅಂಟದ ಕಡೆ ಕಬ್ಬಿಣ ಇಲ್ಲ, ಪುಟ್ಟಿ ಇದೆ. ಆಮೇಲೆ ಮಾಲೀಕರನ್ನು ಕೇಳಿ ಒಂದು ಬದಿ ಜಾಕ್ ಹಾಕಿ ಎತ್ತಿ, ಅದೇ ಬದಿಯ ಬಾಗಿಲು ತೆರೆದು ಮುಚ್ಚಿ. ಮೊದಲು ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಈಗ ತಾಗಿದರೆ, ಸಂದು ಕಿರಿದಾದರೆ, ಕಾರಿನ ಬೆನ್ನು ಬಗ್ಗುತ್ತಿದೆ ಅಂತ ಅರ್ಥ. ಅಲ್ಲಿಂದ ಸೀದಾ ಮನೆಗೆ ಬನ್ನಿ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ ಕಾರು ಬೇಡ. ಸೀಟಿನ ಹಿಂದೆ ನೆಲದಲ್ಲಿ ಎರಡು 6 ವೋಲ್ಟ್ ಬ್ಯಾಟರಿ ಕೂರುವ ಗುಂಡಿಗಳಿವೆ. ಅಲ್ಲೂ ಟಾರ್ಚ್ ಬಿಟ್ಟು ನೋಡಿ. ಆಸಿಡ್ ಬಿದ್ದು ತೂತಾಗಿರುತ್ತದೆ.

ಮಳೆಯಲ್ಲಿ ಓಡಿಸುವ ಮಾತಂತೂ ಬೇಡ. ಕಾತ್ರಜ್ ಹಳೆ ಘಾಟಿಯಲ್ಲಿ ಜುಲೈ ಮಳೆಗೆ ಸಿಕ್ಕಿದ್ದೇನೆ. ಹುಡ್ ಮತ್ತು ಗಾಜು ಸೇರುವ ಮೂಲೆಯಿಂದ ನೀರು ತೊಡೆ ಮೇಲೆ ತೊಟ್ಟಿಕ್ಕುತ್ತಿತ್ತು. ವೈಪರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಗಾಜು ಮತ್ತೆ ಮುಚ್ಚಿಹೋಗುತ್ತಿತ್ತು. ಎಸಿ ಇಲ್ಲದ್ದರಿಂದ ಒಳಗಿನ ಮಂಜನ್ನು ಕರ್ಚೀಫಿನಿಂದ ಒರೆಸುತ್ತಾ ಬಂದೆ. ಅವತ್ತು ಪಕ್ಕದಲ್ಲಿ ಮಗಳಿದ್ದಳು. ಆಮೇಲೆ ಮಳೆಗಾಲದಲ್ಲಿ ಆ ಕಾರನ್ನು ನಾನು ಮುಟ್ಟಿಲ್ಲ.

ಬೇಸಿಗೆಯ ಜಾಮ್ ಇನ್ನೊಂದು ಥರ. 1969ರ ಕಾರಿನಲ್ಲಿ ಫ್ಯಾನ್ ತಿರುಗುವುದು ಎಂಜಿನ್ ಬೆಲ್ಟಿನಿಂದ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಮೇ ತಿಂಗಳಲ್ಲಿ ಪುಣೆಯ ಚಾಂದನಿ ಚೌಕದಲ್ಲಿ ನಿಂತರೆ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಹೋಗುತ್ತದೆ. ಆಗ ಹೀಟರ್ ಹಾಕಬೇಕು, ಎಂಜಿನ್ನಿನ ಬಿಸಿ ಒಳಗೆ ಬರುತ್ತದೆ, ಎಂಜಿನ್ ಉಳಿಯುತ್ತದೆ.

ಕಾಗದಪತ್ರ

ಇಲ್ಲಿ ಬಹಳ ಜನ ಎಡವುತ್ತಾರೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಲು 2021ರ ಜುಲೈನಿಂದ ಕೇಂದ್ರದ ನಿಯಮ ಇದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ "ವಿಎ" ಅಂತ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಆಫೀಸಿಗೆ, ಮಕ್ಕಳ ಶಾಲೆಗೆ ಒಯ್ಯುವಂತಿಲ್ಲ.

ಸಾಮಾನ್ಯ ನೋಂದಣಿಯಲ್ಲೇ ಇದ್ದರೆ ಐದು ವರ್ಷಕ್ಕೊಮ್ಮೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿತು. ಮಾರುವವರ ಆರ್‌ಸಿ ಯಾವ ಬಗೆಯದು, ಯಾವಾಗ ಮುಗಿಯುತ್ತದೆ, ಎಂಜಿನ್ ಮತ್ತು ಚಾಸಿ ನಂಬರ್ ತಾಳೆಯಾಗುತ್ತವೆಯಾ, ಇಷ್ಟನ್ನು ಕಣ್ಣಾರೆ ನೋಡಿ ಆಮೇಲೆ ದುಡ್ಡಿನ ಮಾತಿಗೆ ಬನ್ನಿ.

ಖರ್ಚು, ಮಕ್ಕಳು

ಸ್ವಿಫ್ಟ್ ಸಣ್ಣ ಕಾರಾದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ 18 ಶೇಕಡಾಕ್ಕೆ ಇಳಿಯಿತು, ಬೆಲೆಯೂ ಇಳಿಯಿತು. ಕಂಪನಿ ಹೇಳುವ ಮೈಲೇಜ್ ಮ್ಯಾನ್ಯುವಲ್‌ಗೆ ಲೀಟರಿಗೆ 24.8 ಕಿ.ಮೀ. ನನಗೆ ಪುಣೆ ಟ್ರಾಫಿಕ್‌ನಲ್ಲಿ 16-17 ಸಿಗುತ್ತದೆ, ಧಾರವಾಡ ದಾರಿಯಲ್ಲಿ 21 ದಾಟುತ್ತದೆ. ಗೆಳೆಯನ ಎಂಜಿಬಿ ಕೊಡುವುದು 9. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ, ಪೆಟ್ರೋಲ್ ಲೀಟರಿಗೆ 104 ರೂಪಾಯಿ ಅಂತ ಹಿಡಿದರೂ, ಎಂಜಿಬಿಗೆ 1 ಲಕ್ಷ 15 ಸಾವಿರ, 17ರ ಮೈಲೇಜಿನಲ್ಲಿ ಸ್ವಿಫ್ಟ್‌ಗೆ 61 ಸಾವಿರ. ಎಂಜಿಬಿಯ ಬೆಲೆಗೆ ಪಟ್ಟಿ ಅಂತ ಇಲ್ಲ. ಮಾರುವವರು ಹೇಳಿದ್ದೇ ಬೆಲೆ. ಅದರ ಮೇಲೆ ಮೊದಲ ವರ್ಷದ ರಿಪೇರಿಗೆ ಕೊಂಡ ಬೆಲೆಯ ಕಾಲು ಭಾಗ ಎತ್ತಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮಕ್ಕಳ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಎಂಜಿಬಿಯಲ್ಲಿ ಎರಡೇ ಸೀಟು, ಏರ್‌ಬ್ಯಾಗ್ ಒಂದೂ ಇಲ್ಲ. ಸ್ವಿಫ್ಟ್‌ನಲ್ಲಿ ಆರು ಏರ್‌ಬ್ಯಾಗ್, ಮಕ್ಕಳ ಸೀಟು ಕಟ್ಟುವ ಐಸೋಫಿಕ್ಸ್ ಕೊಂಡಿ ಎಲ್ಲ ಮಾಡೆಲ್‌ನಲ್ಲೂ ಇವೆ. ಕಾರು ನಿಂತಾಗ ಅದರ ಮೂರು ಸಿಲಿಂಡರಿನ ನಡುಕ ಕಾಲಿಗೆ ತಾಗುತ್ತದೆ, ಡಿಕ್ಕಿಯೂ 265 ಲೀಟರ್ ಮಾತ್ರ. ದೀಪಾವಳಿಗೆ ಊರಿಗೆ ಹೋಗುವಾಗ ನಮ್ಮ ಬ್ಯಾಗು, ಅಲ್ಲಿಂದ ಬರುವಾಗ ಫೇಡಾ ಡಬ್ಬ, ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಹಿಡಿಸಲು ಹಿಂದಿನ ಸೀಟೂ ಬೇಕಾಗುತ್ತದೆ. ಜಾಗ ಜಾಸ್ತಿ ಬೇಕು, ಗಟ್ಟಿತನ ಜಾಸ್ತಿ ಬೇಕು ಅನ್ನುವವರು ನಮ್ಮ ಪುಣೆಯಲ್ಲೇ ತಯಾರಾಗುವ ಟಾಟಾ ಆಲ್ಟ್ರೋಜ್ ನೋಡಬಹುದು. ಡಿಕ್ಕಿ 345 ಲೀಟರ್, 2020ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಕಾರು. ನಾನು ಸ್ವಿಫ್ಟ್ ತಗೊಂಡದ್ದು ಅದರ ಹಗುರ ಸ್ಟೀರಿಂಗಿಗೆ, ನಮ್ಮ ಸೊಸೈಟಿಯ ಇಕ್ಕಟ್ಟಿನ ತಿರುವಿಗೆ.

ಭಾಮೈದ ಏನು ಮಾಡಿದ

ಒಂದೇ ಕಾರು, ಒಂದೇ ಪಾರ್ಕಿಂಗ್, ಮನೆಯಲ್ಲಿ ಸಣ್ಣ ಮಕ್ಕಳು ಅಂದರೆ ಸ್ವಿಫ್ಟ್‌ನಂಥ ಹ್ಯಾಚ್‌ಬ್ಯಾಕ್ ತಗೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮನೆಯಲ್ಲಿ ಇನ್ನೊಂದು ಕಾರು ಇದ್ದು, ಮಳೆ ಬೀಳದ ಪಾರ್ಕಿಂಗ್ ಇದ್ದು, ಹತ್ತಿರದಲ್ಲೇ ಕಾರ್ಬುರೇಟರ್ ಬಲ್ಲವರಿದ್ದರೆ, ಎಂಜಿಬಿಗೆ ಹಿಂದೆಮುಂದೆ ನೋಡಬೇಡಿ. ಅಂಥ ಕಾರು ಕಣ್ಣೆದುರು ಬಂದು ನಿಲ್ಲುವುದು ಅಪರೂಪ.

ಅವನು ಸ್ವಿಫ್ಟ್ ಬುಕ್ ಮಾಡಿದ. ಮಾಡುವಾಗ ಅವನ ಮುಖ ಬಾಡಿತ್ತು, ನನಗೂ ಬೇಜಾರಾಯಿತು. ಎಂಜಿಬಿಯ ಹಿರಿಯರಿಗೆ ಹೋಗಿ ವಿಷಯ ಹೇಳಿದ. ಅವರಿಗೂ ಮಾರುವ ಅವಸರ ಇರಲಿಲ್ಲ. ಓಡಿಸಲು ಮೊಣಕಾಲು ಬಿಡುತ್ತಿಲ್ಲ, ಕಾರು ನಿಂತು ಹಾಳಾಗುತ್ತದಲ್ಲ ಅನ್ನುವುದೇ ಅವರ ಚಿಂತೆ. "ವಾರಕ್ಕೊಮ್ಮೆ ಬಂದು ಸ್ಟಾರ್ಟ್ ಮಾಡು, ಸುತ್ತು ಹಾಕಿಸು. ಮುಂದಿನದು ಮುಂದೆ ನೋಡೋಣ" ಅಂದರಂತೆ.

ನಾನು ಅವನನ್ನು ಮಾಮಾನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಕೆಲಸ ಕಲಿಯಬೇಕು ಅಂತಾನೆ ಅಂದೆ. ಮಾಮಾ ಅವನ ಕೈ ನೋಡಿದರು, ಕಾರಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಈಗ ನಾಲ್ಕು ಭಾನುವಾರ ಆಯಿತು. ಡ್ಯಾಶ್‌ಪಾಟ್ ಬಿಚ್ಚಿ ತೊಳೆದು ಕೂರಿಸುವುದು ಕಲಿತಿದ್ದಾನೆ. ಈ ವಾರ ಬರುವಾಗ ಒಂದು ಮೊಳ ರಬ್ಬರ್ ಪೈಪು ತರಲು ಹೇಳಿದ್ದಾರೆ.